ಒಡೆದ ರೊಟ್ಟಿಯ ಮುಟಗಿ

ಕಾಶೀಬಾಯಿ ತೀರಿಕೊಂಡು, ಬಂದ ನೆಂಟರೆಲ್ಲ ಹೊರಟುಹೋದ ಮೇಲೆ, ಅವಳ ಕಿರಿಮಗಳು ಕೇತಕಿ ಸೊಲ್ಲಾಪುರದ ತನ್ನ ಫ್ಲ್ಯಾಟಿನ ಅಡುಗೆಮನೆಯಲ್ಲಿ ಮೊಟ್ಟಮೊದಲು ಮಾಡಲು ನಿಂತದ್ದು ಮುಟಗಿಯನ್ನು. ಅದು ಸರಿಹೋಗಲಿಲ್ಲ.

ಸರಿಹೋಗದಿರಲು ಅದೇನು ದೊಡ್ಡ ಅಡುಗೆಯೂ ಅಲ್ಲ. ಜೋಳದ ರೊಟ್ಟಿಯನ್ನು ಒರಳಿಗೆ ಹಾಕಿ, ಬೆಳ್ಳುಳ್ಳಿ, ಉಪ್ಪು, ಖಾರ, ಎರಡು ಹನಿ ಎಣ್ಣೆ ಸೇರಿಸಿ ಕುಟ್ಟಿ, ಮೆತ್ತಗಾದದ್ದನ್ನು ಮುಷ್ಟಿಯಲ್ಲಿ ಹಿಡಿದು ಅಮುಕಿದರೆ ಮುಟಗಿ. ಆ ಸೀಮೆಯಲ್ಲಿ ಹಲ್ಲು ಮೂಡುವ ಕೂಸಿನಿಂದ ಹಲ್ಲು ಉದುರಿದ ಮುದುಕರವರೆಗೆ ಎಲ್ಲರೂ ತಿನ್ನುತ್ತಾರೆ. ಕೇತಕಿಗೂ ಅದು ಬಾರದ ಕೆಲಸವಲ್ಲ. ಆದರೆ ಅವ್ವನದರಂತೆ ಆಗಲಿಲ್ಲ.

ಅಂದಿನಿಂದ ರಜೆ ಸಿಕ್ಕಿದಾಗೆಲ್ಲ ಅವಳು ಮುಟಗಿ ಮಾಡುತ್ತ ಬಂದಳು. ಮಿಕ್ಸರ್ ಬಿಟ್ಟು ಕಲ್ಲಿನ ಒರಳು ತಂದಳು. ಪ್ಯಾಕೆಟ್ಟಿನ ಹಿಟ್ಟು ಬಿಟ್ಟು ಮಾಲದಂಡಿ ಜೋಳ ಬೀಸಿಸಿದಳು. ಒಮ್ಮೆ ಬೆಳ್ಳುಳ್ಳಿ ಹೆಚ್ಚು ಮಾಡಿದಳು, ಒಮ್ಮೆ ಸುಟ್ಟು ಹಾಕಿದಳು, ಒಮ್ಮೆ ಎಣ್ಣೆ ಬದಲಿಸಿದಳು. ಗಂಡ ಅತುಲ "ಭಾರೀ ಆಗೇತಿ ನೋಡು" ಎಂದು ತಾಟು ಖಾಲಿ ಮಾಡುತ್ತಿದ್ದ. ಅವನಿಗೆ ಅದು ಊಟ. ಕೇತಕಿ ಮಾತ್ರ ಒಂದು ತುತ್ತು ಬಾಯಿಗಿಟ್ಟು ಸುಮ್ಮನೆ ಕಾಯುತ್ತಿದ್ದಳು. ಬರಬೇಕಾದದ್ದು ಬರುತ್ತಿರಲಿಲ್ಲ.

ಬರಬೇಕಾದದ್ದು ಸೊಲ್ಲಾಪುರದ ಹಳೆಯ ಪೇಟೆ ಬಾಳಿವೇಸದ ಒಂದು ಖೋಲಿ, ಆ ಒಂಟಿ ಕೋಣೆಯೊಳಗೆ ಒಂದು ಮಧ್ಯಾಹ್ನ. ಕೇತಕಿ ಇನ್ನೂ ತೊಟ್ಟಿಲಲ್ಲಿದ್ದಾಗ ಅವಳ ಅಪ್ಪ ಚನ್ನವೀರಪ್ಪ ತಮ್ಮ ಹಳ್ಳಿ ಮಂದ್ರೂಪದಲ್ಲಿ ಜ್ವರ ಬಂದು ಸತ್ತ. ಮೈದುನರ ಒಲೆಯ ಮುಂದೆ ತಾಟು ಹಿಡಿದು ಕೂರಲಾರೆನೆಂದು ಕಾಶೀಬಾಯಿ ಕೂಸನ್ನು ಎತ್ತಿಕೊಂಡು ಸೊಲ್ಲಾಪುರಕ್ಕೆ ಬಂದಳು. ಸುಗಲಾಬಾಯಿ ಎಂಬಾಕೆಯ ಖಾನಾವಳಿಯಲ್ಲಿ ಬೆಳಗಿನಿಂದ ರೊಟ್ಟಿ ಬಡಿಯುವ ಕೆಲಸ. ಸೀಳಿದ, ಸೀದ, ಗಿರಾಕಿಯ ತಾಟಿಗೆ ಹಾಕಲು ಬಾರದ ರೊಟ್ಟಿಗಳನ್ನು ಸುಗಲಾಬಾಯಿ ಅವಳಿಗೇ ಬಿಡುತ್ತಿದ್ದಳು. ಅವನ್ನು ಸೆರಗಿನಲ್ಲಿ ಕಟ್ಟಿಕೊಂಡು ಮನೆಗೆ ಬಂದು, ಕೇತಕಿ ಮರಾಠಿ ಸಾಲೆಯಿಂದ ಓಡಿ ಬರುವಷ್ಟರಲ್ಲಿ ಬಿಸಿನೀರು ಚಿಮುಕಿಸಿ, ಕುಟ್ಟಿ, ಮುಟಗಿ ಮಾಡಿಟ್ಟಿರುತ್ತಿದ್ದಳು. "ತಿನ್ನು" ಎನ್ನುತ್ತಿದ್ದಳು. ಅಷ್ಟೇ. ಆಮೇಲೆ ಮಾತಿಲ್ಲ.

ಆ ಮುಟಗಿಯ ರುಚಿ ನಾಲಿಗೆಯ ಮೇಲೆ ಒಂದು ಸಲ ಬಂದರೆ ಸಾಕು, ಆ ಖೋಲಿಯ ಬಾಗಿಲು ತೆರೆಯುತ್ತದೆ, ಒಳಗೆ ಅವ್ವ ಇರುತ್ತಾಳೆ ಎಂದು ಕೇತಕಿಗೆ ಅನ್ನಿಸಿಬಿಟ್ಟಿತ್ತು. ಊರಾಚೆಯ ಕೈಗಾರಿಕಾ ವಸಾಹತು ಚಿಂಚೋಳಿ ಎಂಐಡಿಸಿಯ ಕಾರ್ಖಾನೆಯ ಆಫೀಸಿನಲ್ಲಿ ಸ್ಟೋರಿನ ಲೆಕ್ಕ ನೋಡುವ, ನಲವತ್ತು ದಾಟಿದ ಹೆಂಗಸು ಇಂಥದ್ದನ್ನು ಯಾರ ಮುಂದೆ ಹೇಳಿಕೊಂಡಾಳು?

ಮಾಗಿ ಮತ್ತೆ ಬಂತು. ಅಕ್ಕ ಶಾರದಾಬಾಯಿ ತನ್ನ ಗಂಡನ ಊರು ಚಪಳಗಾಂವದಿಂದ ಫೋನ್ ಮಾಡಿದಳು.

"ವರ್ಷದ ಕಾರ್ಯ ನಮ್ಮಲ್ಲೇ ಆಗಬೇಕು ನೋಡವಾ. ಜೀವ ಬಿಟ್ಟಿದ್ದು ನಿನ್ನ ಮನ್ಯಾಗ. ಎಡಿ ಇಡೂದರ ನನ್ನ ಮನ್ಯಾಗ ಆಗಲಿ. ನಾ ಹಿರ್ಯಾಕಿ."

ಕೇತಕಿ ಹೂಂ ಎಂದಳು. ಅಕ್ಕತಂಗಿಯರ ನಡುವೆ ಹದಿನೈದು ವರ್ಷದ ಅಂತರ. ಅಪ್ಪ ಬದುಕಿದ್ದಾಗಲೇ ಶಾರದಾಬಾಯಿಯ ಮದುವೆಯಾಗಿ ಹೋಗಿತ್ತು. ಕೇತಕಿಗೆ ತಿಳಿವಳಿಕೆ ಬಂದಾಗ ಅಕ್ಕ ಎಂದರೆ ವರ್ಷಕ್ಕೊಮ್ಮೆಯೋ ಎರಡು ಸಲವೋ ಮಕ್ಕಳನ್ನು ಕಟ್ಟಿಕೊಂಡು ಬಸ್ಸಿಳಿದು ಬರುವ, ಇಳಕಲ್ ಸೀರೆಯ, ದೊಡ್ಡ ದನಿಯ ನೆಂಟಳು. ಒಂದೇ ಹೊಟ್ಟೆಯಲ್ಲಿ ಹುಟ್ಟಿದರೂ ಒಂದೇ ತಾಟಿನಲ್ಲಿ ಉಂಡವರಲ್ಲ.

ಕಾರ್ಯದ ಹಿಂದಿನ ದಿನ ಕೇತಕಿ ಮಗಳು ಪೂರ್ವಾಳನ್ನು ಕರೆದುಕೊಂಡು ಹೊರಟಳು. ಅತುಲನಿಗೆ ರಜೆ ಸಿಕ್ಕಿರಲಿಲ್ಲ. ಅಕ್ಕಲಕೋಟದಲ್ಲಿ ಬಸ್ಸು ಬದಲಿಸಿ, ದರ್ಶನಕ್ಕೆ ಬಂದವರ ಗದ್ದಲದಿಂದ ಹೊರಬಿದ್ದರೆ ಮುಂದೆ ಎರಡೂ ಕಡೆ ಜೋಳದ ಹೊಲ. ತೆನೆ ಹಾಲುಗಟ್ಟಿತ್ತು. ಹತ್ತನೇ ಇಯತ್ತೆ ಓದುತ್ತಿದ್ದ ಪೂರ್ವಾ ಕಿಟಕಿಗೆ ತಲೆ ಆನಿಸಿ ಕಿವಿಗೆ ಹಾಡು ಹಚ್ಚಿಕೊಂಡು ಕೂತಿದ್ದಳು. ಆಜಿ ಹೋದ ಮೇಲೆ ಅವಳೂ ಮಾತು ಕಡಿಮೆ ಮಾಡಿದ್ದಳು.

ಮನೆಯಲ್ಲಿ ಶಾರದಾಬಾಯಿ ಆಗಲೇ ಒಲೆ ಹಚ್ಚಿ ಕೂತಿದ್ದಳು. ಗ್ಯಾಸು ಇದ್ದರೂ ದೊಡ್ಡ ಅಡುಗೆಗೆ ಹಿತ್ತಲಿನ ಕಟ್ಟಿಗೆ ಒಲೆಯೇ ಆಗಬೇಕು ಅವಳಿಗೆ. ಗೋಡೆಗೆ ಆನಿಸಿ ಕಟಕಟಿ ಒಣಗಿದ ಸಜ್ಜೆ ರೊಟ್ಟಿ, ಜೋಳದ ರೊಟ್ಟಿಗಳ ಬುಟ್ಟಿ. ಅವಳ ಗಂಡ ಸಿದ್ದೇಶ್ವರ ಹೊಲದಿಂದ ಬದನೆಕಾಯಿ ತಂದು ಸುರಿದು, "ಬಂದ್ಯಾ ಕೇತಕಿ, ಆರಾಮ?" ಎಂದು ಕೇಳಿ ಮತ್ತೆ ಹೊರಗೆ ಹೋದ.

"ನಾಳಿ ಎಡಿಗೆ ಏನೇನ್ ಮಾಡೂಣಕ್ಕಾ?"

"ಹೋಳಿಗಿ, ಕಟ್ಟಿನ ಸಾರು, ಎಣ್ಣಿಗಾಯಿ, ಪುಂಡಿಪಲ್ಯಾ. ಮತ್ತ ಅವ್ವನ ಮುಟಗಿ. ಅದೊಂದು ಇಲ್ಲಂದ್ರ ಆಕಿ ಎಡಿ ಮುಟ್ಟಾಕಿ ಅಲ್ಲ."

ಕೇತಕಿಯ ಕೈಯಲ್ಲಿದ್ದ ಬದನೆಕಾಯಿ ಅಲ್ಲೇ ನಿಂತಿತು. ಮುಟಗಿ ತನ್ನೊಬ್ಬಳದೇ ಎಂದು ಅವಳು ಇಷ್ಟು ವರ್ಷ ತಿಳಿದಿದ್ದಳು.

"ಕೈ ಪಳಗಲಿ, ಈಗೊಂದೀಟು ಮಾಡಿ ನೋಡೂಣು" ಎಂದು ಶಾರದಾಬಾಯಿ ಹೆಂಚಿನ ಮೇಲಿನ ದಪ್ಪ ರೊಟ್ಟಿಯನ್ನು ಹೊಗೆಯಾಡುತ್ತಿರುವಾಗಲೇ ಒರಳಿಗೆ ಮುರಿದು ಹಾಕಿದಳು. ಪಕ್ಕದ ಡಬ್ಬಿಯಿಂದ ಒಂದು ಹೆಂಟೆ ಹೊಸ ಬೆಲ್ಲ ತೆಗೆದು ಪುಡಿ ಮಾಡಿದಳು. ಸೌಟು ತುಂಬ ತುಪ್ಪ. ಯಾಲಕ್ಕಿ.

"ಅಕ್ಕಾ, ಏನ್ ಮಾಡಾಕತ್ತಿ?"

"ಮುಟಗಿ."

"ಬೆಲ್ಲಾ?"

"ಬೆಲ್ಲ ಇಲ್ಲದ ಮುಟಗಿ ಹೆಂಗಾದೀತ?"

"ಅವ್ವ ಎಂದೂ ಬೆಲ್ಲ ಹಾಕಿಲ್ಲ. ಬಳ್ಳೊಳ್ಳಿ, ಕೆಂಪ ಖಾರ, ಎಣ್ಣಿ. ಅಷ್ಟ."

ಶಾರದಾಬಾಯಿ ನಕ್ಕುಬಿಟ್ಟಳು. "ಅದು ನೀ ಎಲ್ಲೋ ಹೊಟೆಲ್‌ದಾಗ ತಿಂದಿರಬೇಕು. ಅವ್ವನ ಮುಟಗಿ ನನಗ ಹೇಳಿಕೊಡತೀ ಏನು? ಮಂದ್ರೂಪದಾಗ ಎರಡು ಎಮ್ಮಿ ಹಿಂಡತಿದ್ದವು. ಅವ್ವ ಒಳ್ಳಿನ ಮುಂದ ಕುಂತಳಂದ್ರ ಓಣಿ ಹುಡುಗರೆಲ್ಲಾ ಬಾಗಲದಾಗ. ಒನಕಿ ಹಾಕೂದು, ಹಾಡೂದು, ನಡುವ ಯಾರನ್ನರ ಚ್ಯಾಷ್ಟಿ ಮಾಡಿ ನಗೂದು. ಅಪ್ಪ ಹೊರಗಿನಿಂದ ಬೈಯತಿದ್ದ, 'ಏನ್ ಮುಟಗಿ ಮಾಡತೀಯೋ, ಬಯಲಾಟ ಆಡತೀಯೋ' ಅಂತ."

ಕೇತಕಿ ಕೇಳುತ್ತಿದ್ದಳು. ಅಕ್ಕ ಹೇಳುತ್ತಿರುವ ಹೆಂಗಸು ಯಾರು? ಹಾಡುವ, ನಗುವ, ಓಣಿಯ ಹುಡುಗರಿಗೆಲ್ಲ ತುಪ್ಪ ಬೆಲ್ಲ ಹಂಚುವ ಆ ಹೆಂಗಸನ್ನು ತಾನು ಒಂದು ದಿನವೂ ಕಂಡಿರಲಿಲ್ಲ.

"ನೀ ಹೇಳೂ ಅವ್ವ ನನಗ ಗೊತ್ತಿಲ್ಲ. ನೀ ತುಪ್ಪಾ ಬೆಲ್ಲಾ ತಿಂದಿ. ನಾ ತಿಂದಿದ್ದು ಖಾನಾವಳಿಯೊಳಗಿನ ಒಡಕ ರೊಟ್ಟಿ. ಮಂದೀ ತಾಟಿಗೆ ಹಾಕಾಕ ಬರದಂಥಾವು. ಅವನ್ನ ಕುಟ್ಟಿ ಮುಟಗಿ ಮಾಡತಿದ್ಲು."

ಶಾರದಾಬಾಯಿ ಒನಕೆ ಕೆಳಗಿಟ್ಟಳು. "ಒಡಕ ರೊಟ್ಟಿ? ಏನರ ಮಾತಾಡಬ್ಯಾಡ. ನಾ ಬಂದಾಗೆಲ್ಲಾ ಅವ್ವ ಶಿರಾ ಮಾಡತಿದ್ಲು. ಗೋದಿ ಚಪಾತಿ ಮಾಡತಿದ್ಲು."

"ನೀ ಬಂದಾಗ ಮಾಡತಿದ್ಲು. ನೀ ಯಾವಾಗ ಬರತೀ ಅಂತ ನಾ ಬಾಗಲದಾಗ ನಿಂತು ದಾರಿ ಕಾಯತಿದ್ದೆ ಗೊತ್ತೇನು? ನಿನ್ನ ಸಲುವಾಗಿ ಅಲ್ಲ. ಶಿರಾದ ಸಲುವಾಗಿ."

ಆಡಿದ ಮೇಲೆ ಕೇತಕಿಗೆ ಮಾತು ಹೆಚ್ಚಾಯಿತು ಅನ್ನಿಸಿತು. ಹಿಂದಕ್ಕೆ ತೆಗೆದುಕೊಳ್ಳಲು ಬರುವಂತಿರಲಿಲ್ಲ. ಶಾರದಾಬಾಯಿ ತುಪ್ಪದ ಕೈಯನ್ನು ಸೆರಗಿಗೇ ಒರೆಸಿಕೊಂಡು ಎದ್ದಳು. ದನದ ಕೊಟ್ಟಿಗೆಯ ಕಡೆ ಹೋದಳು.

"ಆಯಿ, ಮಾವಶಿ ರುಸಲೀ ಕಾ?" ಬಾಗಿಲಲ್ಲಿ ನಿಂತಿದ್ದ ಪೂರ್ವಾ ತಾಯಿಯನ್ನು ಮರಾಠಿಯಲ್ಲಿ ಕೇಳಿದಳು. ದೊಡ್ಡಮ್ಮ ಮುನಿಸಿಕೊಂಡಳೇ ಎಂದು ಅವಳಿಗೆ ಗಾಬರಿ. ಹುಡುಗಿ ಒರಳಿನ ಬಳಿ ಕೂತು, ಅರ್ಧ ಕುಟ್ಟಿದ್ದ ಸಿಹಿ ಮುಟಗಿಯನ್ನು ಬೆರಳಿನಿಂದ ತೆಗೆದು ನೆಕ್ಕಿದಳು.

"ಆಜಿ ಹಿಂಗ ಮಾಡತಿದ್ದಿಲ್ಲ. ಆಜಿ ಚೀಸ್ ಹಾಕತಿದ್ಲು."

"ಏನು?"

"ಚೀಸ್. ತುಪ್ಪ, ಜೀರಗಿ, ಮ್ಯಾಲ ಚೀಸ್ ಹೆರದು. ನಾ ಸಾಲೀಂದ ಬಂದಮ್ಯಾಲ, ನೀ ಚಿಂಚೋಳಿಯಿಂದ ಬರೂದ್ರಾಗ. 'ನಿಮ್ಮವ್ವಗ ಹೇಳಬ್ಯಾಡ, ಬೈತಾಳ' ಅಂತಿದ್ಲು." ಪೂರ್ವಾಳ ಮುಖದಲ್ಲಿ ಎಷ್ಟೋ ತಿಂಗಳ ಮೇಲೆ ನಗು ಕಂಡಿತು. "ಕುಟ್ಟೂವಾಗ ಆಜಿ ಹಾಡತಿದ್ಲು, ಆಯಿ. ಭಾಳ ಗಮತೀ ಹಾಡು. ಅರ್ಧಾ ನನಗ ತಿಳೀತಿದ್ದಿಲ್ಲ, ಆದ್ರ ಇಬ್ಬರೂ ನಗತಿದ್ದಿವಿ."

ಕೇತಕಿ ಅಲ್ಲೇ ಕಟ್ಟೆಯ ಮೇಲೆ ಕೂತಳು. ಮೊದಲ ಮಗಳಿಗೆ ಹಾಡುವ ಅವ್ವ ಸಿಕ್ಕಿದ್ದಳು. ಮೊಮ್ಮಗಳಿಗೂ ಹಾಡುವ ಆಜಿ ಸಿಕ್ಕಿದ್ದಳು, ಅದೂ ತನ್ನದೇ ಮನೆಯಲ್ಲಿ, ತಾನು ಆಫೀಸಿನಿಂದ ಬರುವುದರೊಳಗೆ. ನಡುವಿನ ವರ್ಷಗಳಷ್ಟೇ ತನ್ನ ಪಾಲಿಗೆ ಬಂದಿದ್ದವು. ಆ ವರ್ಷಗಳಲ್ಲಿ ಕಾಶೀಬಾಯಿ "ತಿನ್ನು" ಎಂದದ್ದು ಬಿಟ್ಟು ಬೇರೆ ಮಾತು ನೆನಪಿಗೆ ಬರಲೊಲ್ಲದು.

ಕೊಟ್ಟಿಗೆಯಲ್ಲಿ ಶಾರದಾಬಾಯಿ ಎಮ್ಮೆಯ ಕೊರಳು ತಿಕ್ಕುತ್ತ ನಿಂತಿದ್ದಳು. ಕೇತಕಿ ಬಂದದ್ದು ಗೊತ್ತಾದರೂ ತಿರುಗಲಿಲ್ಲ.

"ನಮ್ಮ ಹಗೇವು ತುಂಬಿ ಜ್ವಾಳ ಇರತಿತ್ತು ಕೇತಕಿ. ಒಂದ ಮಾತು ಹೇಳಿದ್ರ ಇವರು ಗಾಡಿ ಹೂಡಿ ಕಳಸತಿದ್ರು. ಒಂದ ಮಾತು."

"ಮಗಳ ಮನಿ ಅನ್ನ ಉಣಬಾರದಂತ ಇದ್ದಿರಬೇಕು ಆಕಿಗೆ."

"ನನಗ ಶಿರಾ ಮಾಡಿ ಹಾಕಿದ್ಲು. ನಾ ಹೊಟ್ಟಿ ತುಂಬ ತಿಂದು, ಅವ್ವ ಸುಖದಾಗ ಅದಾಳ ಅಂತ ತಿಳಕೊಂಡು ಬಸ್ ಹತ್ತತಿದ್ದೆ." ಶಾರದಾಬಾಯಿ ಈಗ ತಿರುಗಿದಳು. ಕಣ್ಣು ಕೆಂಪಾಗಿದ್ದವು. "ನಾ ಬೀಗರ ಹಂಗ ಆಗಿದ್ನೇನ ಆಕಿಗೆ?"

"ನಿನ್ನ ಮುಂದರ ನಕ್ಕಳು. ಪೂರ್ವಾನ ಮುಂದ ಹಾಡು ಹಾಡ್ಯಾಳಂತ, ಈಗ ಗೊತ್ತಾತು. ನನ್ನ ಮುಂದ ಎಂದೂ ನಗಲಿಲ್ಲಕ್ಕ."

"ನನ್ನ ಮುಂದ ಆಕಿ ಎಂದೂ ಸುಮ್ಮ ಕುಂತಿಲ್ಲ" ಎಂದಳು ಶಾರದಾಬಾಯಿ. "ಬಸ್ ಇಳದಾಗಿಂದ ಹತ್ತೂತನಾ ಮಾತ, ನಗೂದ. ಬೀಗರ ಮುಂದ ಯಾರರ ಸುಮ್ಮ ಕೂಡತಾರ ಏನು? ಸುಮ್ಮ ಕುಂತ ಅವ್ವನ್ನ ನೀ ಒಬ್ಬಾಕೀನ ನೋಡೀದಿ."

ಶಾರದಾಬಾಯಿ ಎಮ್ಮೆಯ ಮುಂದೆ ಒಂದು ತೆಕ್ಕೆ ಮೇವು ಹಾಕಿದಳು. ಆಮೇಲೆ ತಂಗಿಯ ರಟ್ಟೆ ಹಿಡಿದಳು.

"ನಡಿ. ನಿನ್ನ ಮುಟಗಿ ಮಾಡು. ನಾ ತಿಂತೀನಿ."

"ಒಡಕ ರೊಟ್ಟಿ ಎಲ್ಲದಾವ ನಿನ್ನ ಮನ್ಯಾಗ?"

ಶಾರದಾಬಾಯಿ ಬುಟ್ಟಿಯಿಂದ ನಾಳೆಯ ಪಂಕ್ತಿಗೆಂದು ಮಾಡಿಟ್ಟಿದ್ದ ಕಟಕ ರೊಟ್ಟಿಗಳನ್ನು ತೆಗೆದು ಮೊಣಕಾಲಿಗೆ ಅಪ್ಪಳಿಸಿ ಮುರಿದಳು. ಚೂರುಗಳು ಅಡುಗೆಮನೆಯ ತುಂಬ ಹಾರಿದವು. ಪೂರ್ವಾ ನಕ್ಕಳು. ಕೇತಕಿ ಬಿಸಿನೀರು ಚಿಮುಕಿಸಿ, ಬೆಳ್ಳುಳ್ಳಿ ಉಪ್ಪು ಹಾಕಿ ಕುಟ್ಟತೊಡಗಿದಳು. ಖಾರದ ಡಬ್ಬಿಗೆ ಕೈ ಹಾಕಿ ಒಂದು ಹಿಡಿ, ಮತ್ತೆ ಅರ್ಧ ಹಿಡಿ ಹಾಕಿದಳು.

"ಅಯ್ಯ, ಇಷ್ಟ ಖಾರ ಯಾಕ? ಸಣ್ಣ ಹುಡುಗಿಗೆ ಇಷ್ಟ ಹಾಕತಿದ್ಲೇನು?"

"ಖಾರ ಇದ್ರ ನೀರ ಭಾಳ ಕುಡೀತಾರ. ಹೊಟ್ಟಿ ತುಂಬತೈತಿ."

ಮಾತು ಬಾಯಿಂದ ಬಿದ್ದ ಮೇಲೆ ಕೇತಕಿ ಅದನ್ನು ಕೇಳಿಸಿಕೊಂಡಳು. ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅವ್ವನಂತೂ ಹೇಳಿರಲಿಲ್ಲ. ಮುಟಗಿ ತಿಂದು, ಮೂಗು ಒರೆಸಿಕೊಳ್ಳುತ್ತ ಚರಿಗೆಗಟ್ಟಲೆ ನೀರು ಕುಡಿದು, ಭರ್ತಿಯಾದ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಮಲಗುತ್ತಿದ್ದ ಹುಡುಗಿಗೆ ಅದು ಹೇಗೋ ಗೊತ್ತಿತ್ತು. ಬೆಳೆದ ಹೆಂಗಸು ಮರೆತಿದ್ದಳು. ವರ್ಷವಿಡೀ ಬೆಳ್ಳುಳ್ಳಿಯನ್ನೂ ಎಣ್ಣೆಯನ್ನೂ ಹಿಂದೆಮುಂದೆ ಮಾಡಿದಳೇ ಹೊರತು, ತನ್ನ ಮನೆಯವರ ಬಾಯಿ ಉರಿಯದ ಹಾಗೆ ಖಾರವನ್ನು ಮಾತ್ರ ಹಗುರಾಗಿಯೇ ಹಾಕುತ್ತಿದ್ದಳು.

ಶಾರದಾಬಾಯಿ ಮುಟಗಿ ಕೈಗೆ ತೆಗೆದುಕೊಂಡಳು. ಒಂದು ತುತ್ತು, ಇನ್ನೊಂದು. ಕಣ್ಣಲ್ಲಿ ಮೂಗಲ್ಲಿ ನೀರು ಇಳಿಯತೊಡಗಿತು. ಪೂರ್ವಾ ನೀರಿನ ಚರಿಗೆ ಮುಂದೆ ಹಿಡಿದರೆ ಕೈಯಿಂದ ಆಚೆ ಸರಿಸಿ, ಮುಗಿಯುವವರೆಗೆ ತಿಂದಳು.

ಕೇತಕಿಯೂ ತಿಂದಳು. ಖಾರ ಈಗ ಸರಿಯಾಗಿತ್ತು. ಆದರೂ ಬಾಳಿವೇಸದ ಆ ಮಧ್ಯಾಹ್ನ ಬರಲಿಲ್ಲ. ಬರುವುದಿಲ್ಲ ಎಂದು ಅವಳಿಗೆ ಈಗ ತಿಳಿಯಿತು. ಆ ಹುಡುಗಿಯ ಹಸಿವನ್ನು ಎಲ್ಲಿಂದ ತರುವುದು? ಅವಳು ಇನ್ನೊಂದನ್ನೂ ನೆನಪಿಸಿಕೊಳ್ಳಲು ನೋಡಿದಳು. ತಾನು ತಿನ್ನುವಾಗ ಅವ್ವ ಏನು ತಿನ್ನುತ್ತಿದ್ದಳು? ಎಷ್ಟು ಹುಡುಕಿದರೂ ಅವ್ವನ ಕೈಯಲ್ಲಿ ತುತ್ತು ಕಾಣಲಿಲ್ಲ.

ಮರುದಿನ ಬೆಳಿಗ್ಗೆ ಕಾರ್ಯ ಮಾಡಿಸಲು ಬಸಯ್ಯ ಸ್ವಾಮಿಗಳು ಬಂದರು. ಕಾಶೀಬಾಯಿಯ ಫೋಟೊಕ್ಕೆ ವಿಭೂತಿ ಹಚ್ಚಿ, ಹೂ ಏರಿಸಿ, ಎಡೆ ಇಡಿಸಿದರು. ಬಾಳೆ ಎಲೆಯ ಮೇಲೆ ಹೋಳಿಗೆಯ ಪಕ್ಕದಲ್ಲಿ ಬೆಲ್ಲದ ಮುಟಗಿ, ಖಾರದ ಮುಟಗಿ ಎರಡೂ ಇದ್ದವು. ಪೂರ್ವಾ ಹಟ ಹಿಡಿದದ್ದಕ್ಕೆ ಸಿದ್ದೇಶ್ವರ ಬೆಳಗಾಗುತ್ತಲೇ ಮೋಟರ್‌ಸೈಕಲ್ ಮೇಲೆ ಅಕ್ಕಲಕೋಟಕ್ಕೆ ಹೋಗಿ ಚೀಸ್ ತಂದಿದ್ದ. ಹಾಗಾಗಿ ಮೂರನೆಯದೂ ಒಂದಿತ್ತು.

"ಇದೇನ್ರಿ ತಾಯಿ, ಮ್ಯಾಲ ಹಳದೀದು?" ಬಸಯ್ಯ ಬಗ್ಗಿ ನೋಡಿದರು.

"ಮೊಮ್ಮಗಳ ಮುಟಗಿರಿ" ಎಂದಳು ಶಾರದಾಬಾಯಿ.

"ಇರ್ಲಿ ಬಿಡ್ರಿ. ಆಕಿ ಮೆಚ್ಚಿದ್ದಂದ್ರ ಯಾರ ಬ್ಯಾಡಂದಾರು?"

ಪಂಕ್ತಿ ಮುಗಿದ ಮೇಲೆ ಅಕ್ಕತಂಗಿ ಇಬ್ಬರೂ ಎಡೆಯ ಪ್ರಸಾದ ಹಂಚಿಕೊಂಡು ಕೂತರು. ಕೇತಕಿ ಬೆಲ್ಲದ ಮುಟಗಿ ತಿಂದಳು. ರುಚಿಯಾಗಿತ್ತು, ತುಪ್ಪ ಘಮಘಮ ಅನ್ನುತ್ತಿತ್ತು. ಆದರೆ ಅವಳಿಗೆ ಅದು ಒಂದು ಸಿಹಿ, ಅಷ್ಟೇ. ಅದರೊಳಗೆ ಮಂದ್ರೂಪವಿರಲಿಲ್ಲ, ಎಮ್ಮೆಯಿರಲಿಲ್ಲ, ಹೊರಗಿನಿಂದ ಬೈಯುವ ಅಪ್ಪನೂ ಇರಲಿಲ್ಲ. ಎದುರಿಗೆ ಶಾರದಾಬಾಯಿ ಅದನ್ನೇ ಬಾಯಲ್ಲಿಟ್ಟುಕೊಂಡು ಎಲ್ಲಿಗೋ ಹೋಗಿಬಿಟ್ಟಿದ್ದಳು. ಅರವತ್ತರ ಹತ್ತಿರದ ಆ ಮುಖ ಸಣ್ಣ ಹುಡುಗಿಯದಾಗಿತ್ತು. ಕೇತಕಿ ಅದನ್ನು ನೋಡುತ್ತ ಕೂತಳು. ತನಗೆ ಬಾಗಿಲಿಲ್ಲದ ಮನೆಯೊಳಗೆ ದೀಪ ಉರಿಯುವುದನ್ನು ಬೀದಿಯಲ್ಲಿ ನಿಂತು ನೋಡಿದ ಹಾಗಾಯಿತು.

ಕೈ ತೊಳೆದು ಬಂದ ಶಾರದಾಬಾಯಿ ಹೇಳಿದಳು: "ನಾಳಿ ನಿನ್ನ ಸಂಗಾಟ ನಾನೂ ಬರತೀನಿ. ನನಗ ಆ ಖೋಲಿ ತೋರಸು."

"ಎಷ್ಟೋ ಸಲ ಬಂದೀಯಲ್ಲಕ್ಕ ಅಲ್ಲಿಗೆ."

"ಬಂದೀನಿ. ನೋಡಿಲ್ಲ."

ಮರುದಿನ ಮೊದಲ ಬಸ್ಸಿಗೆ ಮೂವರೂ ಸೊಲ್ಲಾಪುರಕ್ಕೆ ಬಂದರು. ಪೂರ್ವಾಳನ್ನು ಸಾಲೆಗೆ ಬಿಟ್ಟು ಅಕ್ಕತಂಗಿ ಬಾಳಿವೇಸಕ್ಕೆ ನಡೆದರು. ಕೇತಕಿ ಮಧ್ಯಾಹ್ನದ ಹೊತ್ತಿಗೆ ಆಫೀಸಿಗೆ ಬರುತ್ತೇನೆಂದು ಹೇಳಿದ್ದಳು. ಹತ್ತಾರು ಸಂಸಾರಗಳಿದ್ದ ಹಳೆಯ ವಾಡೆಯ ಮುಂಭಾಗದಲ್ಲಿ ಮೊಬೈಲ್ ಅಂಗಡಿ ಬಂದಿತ್ತು. ಅದರ ಪಕ್ಕದ ಸಂದಿಯಲ್ಲಿ ಒಳಗೆ ಹೋದರೆ ಖೋಲಿ ಹಾಗೇ ಇತ್ತು. ಅಲ್ಲಿ ಈಗ ಲೀಲಾಬಾಯಿ ಎಂಬ ಹೆಂಗಸಿನ ಸಂಸಾರ. ಕೇತಕಿ ಮರಾಠಿಯಲ್ಲಿ ಸಂಕೋಚದಿಂದ ಹೇಳಿದಳು: ಇಲ್ಲಿ ನಮ್ಮ ತಾಯಿ ಇದ್ದಳು, ನಿನ್ನೆ ಅವಳ ವರ್ಷದ ಕಾರ್ಯ ಆಯಿತು, ಅಕ್ಕನಿಗೆ ಒಮ್ಮೆ ನೋಡಬೇಕಂತೆ. ಲೀಲಾಬಾಯಿ ಇಬ್ಬರ ಮುಖ ನೋಡಿದಳು.

"ಬರ್ರಿ, ಒಳಗ ಬರ್ರಿ. ನಮ್ಮದೂ ಕನ್ನಡಾನ" ಎಂದು ಚಾಪೆ ಸುತ್ತಿಟ್ಟು ಜಾಗ ಮಾಡಿದಳು.

ಶಾರದಾಬಾಯಿ ಖೋಲಿಯ ನಡುವೆ ನಿಂತು ನಾಲ್ಕೂ ಗೋಡೆ ನೋಡಿದಳು. ನಾಲ್ಕು ಹೆಜ್ಜೆ ಇಟ್ಟರೆ ಮುಗಿಯುವ ಖೋಲಿ. ತಾನು ಮೂರು ಮಕ್ಕಳನ್ನು ಕಟ್ಟಿಕೊಂಡು ಇಲ್ಲಿ ಬಂದು ಇಳಿಯುತ್ತಿದ್ದಾಗ ಇದು ಇಷ್ಟು ಸಣ್ಣದಿತ್ತೇ ಎಂದು ಅವಳು ಯೋಚಿಸುತ್ತಿದ್ದಂತೆ ಕಂಡಿತು.

"ಒಲಿ ಎಲ್ಲಿತ್ತು?"

"ಅಲ್ಲೆ, ಆ ಮೂಲ್ಯಾಗ."

"ಅವ್ವ ಹೆಂಗ ಕೂಡತಿದ್ಲು?"

"ಗ್ವಾಡಿಗೆ ಮಾರಿ ಮಾಡಿ."

ಆ ಮೂಲೆಯಲ್ಲಿ ಈಗ ಲೀಲಾಬಾಯಿಯ ಡಬ್ಬಿಗಳಿದ್ದವು. ಶಾರದಾಬಾಯಿ ಕೇಳದೆಯೇ ಅವನ್ನು ಒಂದಿಷ್ಟು ಆಚೆ ಸರಿಸಿ, ಇಸ್ತ್ರಿ ಮಾಡಿದ ಸೀರೆಯ ನಿರಿಗೆ ಒತ್ತಿ ಹಿಡಿದು ನೆಲಕ್ಕೆ ಕೂತಳು, ಗೋಡೆಗೆ ಮುಖ ಮಾಡಿ. ಮಾತಿಗೆ ಹೆಸರಾದ ಹೆಂಗಸು, ಮಾತಿಲ್ಲದೆ ಕೂತಳು. ಲೀಲಾಬಾಯಿ ಚಹಾಕ್ಕೆ ನೀರಿಟ್ಟಳು. ವಾಡೆಯ ನಳದಲ್ಲಿ ಯಾರೋ ಕೊಡ ತುಂಬಿಸುತ್ತಿದ್ದರು.

"ನೀ ಎಲ್ಲಿ ಕೂಡತಿದ್ದಿ?" ಶಾರದಾಬಾಯಿ ತಿರುಗದೆಯೇ ಕೇಳಿದಳು.

"ಹಿಂದ. ಇಲ್ಲೆ."

"ಕೂಡು ಮತ್ತ."

ಕೇತಕಿ ಅಕ್ಕನ ಬೆನ್ನ ಹಿಂದೆ ಗೋಡೆಗೆ ಆತು ಕೂತಳು. ಕಣ್ಣೆದುರಿಗೆ ಅಗಲ ಬೆನ್ನು, ಕೊರಳ ಹಿಂದೆ ಸಡಿಲಾದ ತುರುಬು, ಕುಪ್ಪಸದಿಂದ ಇಳಿದ ಮೊಣಕೈ. ಆ ಬೆನ್ನು ಸ್ವಲ್ಪ ಸ್ವಲ್ಪವೇ ಅಲುಗುತ್ತಿತ್ತು. ಅಕ್ಕ ಅಳುತ್ತಿದ್ದಾಳೆಂದು ಕೇತಕಿಗೆ ತಿಳಿಯಿತು. ಜೊತೆಗೆ, ಚಿಕ್ಕಂದಿನಲ್ಲಿ ಇಲ್ಲೇ ಕೂತು ಇಂಥದೇ ಒಂದು ಬೆನ್ನು ಹೀಗೇ ಅಲುಗುವುದನ್ನು ನೋಡುತ್ತ, ಅವ್ವ ಹಿಟ್ಟು ನಾದುತ್ತಿದ್ದಾಳೆಂದು ತಾನು ತಿಳಿದುಕೊಂಡಿದ್ದೂ ನೆನಪಾಯಿತು.

ಲೀಲಾಬಾಯಿ ಎರಡು ಕಪ್ ಚಹಾ ತಂದು ನೆಲದ ಮೇಲಿಟ್ಟು ಹೊರಗಿನ ಕಟ್ಟೆಗೆ ಹೋದಳು.

"ಇನ್ನೊಂದೀಟು ಕೂಡೂಣೇನ?" ಎಂದಳು ಶಾರದಾಬಾಯಿ.

"ಹೂಂ."

ಚಿಂಚೋಳಿಯ ಬಸ್ಸಿನ ಹೊತ್ತು ಮೀರಿತ್ತು. ಕೇತಕಿ ಏಳಲಿಲ್ಲ. ಮುಂದಕ್ಕೆ ಜರುಗಿ, ಕೈ ಚಾಚಿ ಅಕ್ಕನ ಬೆನ್ನ ಮೇಲಿಟ್ಟಳು.